ಲಿಬ್ರೆ ಆಫೀಸ್ ರೈಟರ್: ಕನ್ನಡ ಪ್ಯಾರಾ ಜೋಡಿಸುವವರಿಗೆ

ಮುಂಬೈಯ ನಮ್ಮ ಕನ್ನಡ ಸಂಘದ ಸ್ಮರಣ ಸಂಚಿಕೆಯ ಡಿಟಿಪಿ ಕೆಲಸ ನನ್ನದೇ. ಅದಕ್ಕೆ ಹಲವು ವರ್ಷಗಳಿಂದ ಲಿಬ್ರೆ ಆಫೀಸ್ ರೈಟರ್ ಬಳಸುತ್ತಿದ್ದೇನೆ. ಬರಹ ಟೈಪ್ ಮಾಡಿ ಪುಟ ಜೋಡಿಸುವ, 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದ ತಂತ್ರಾಂಶ ಇದು. ದುಡ್ಡು ಕೊಡಬೇಕಿಲ್ಲ. ಪ್ಯಾರಾ ಜೋಡಿಸುವ ವಿಷಯದಲ್ಲಂತೂ ನನಗೆ ಇದರ ಮೇಲೆ ಪೂರ್ತಿ ಭರವಸೆ.

ಎಡಕ್ಕೆ ಕಂಟ್ರೋಲ್ ಎಲ್, ಬಲಕ್ಕೆ ಆರ್, ನಡುವಿಗೆ ಇ, ಎರಡೂ ಅಂಚಿಗೆ ಸಮ ಮಾಡಲು ಜೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಕನ್ನಡವನ್ನು ಜಸ್ಟಿಫೈ ಮಾಡಿದಾಗ, ಅಂದರೆ ಎರಡೂ ಅಂಚಿಗೆ ಸಮ ಮಾಡಿದಾಗ, ಏನಾಗುತ್ತದೆ ನೋಡಿ. ನಮ್ಮ ಪದಗಳು ಉದ್ದ. ಎರಡು ಕಾಲಂ ಪುಟದಲ್ಲಿ ‘ಕಾರ್ಯಕರ್ತರೆಲ್ಲರಿಗೂ’ ಅನ್ನುವಂಥ ಪದ ಹಿಡಿಸದೆ ಕೆಳಗಿಳಿಯಿತು ಅನ್ನಿ. ಮೇಲಿನ ಸಾಲಿನಲ್ಲಿ ಎರಡೇ ಪದ ಉಳಿದುಬಿಡುತ್ತವೆ. ಒಂದು ಎಡ ಅಂಚಿನಲ್ಲಿ, ಇನ್ನೊಂದು ಬಲ ಅಂಚಿನಲ್ಲಿ, ನಡುವೆ ಬರೀ ಬಯಲು.

ರೈಟರ್‌ನಲ್ಲಿ ಇದಕ್ಕೆ ಮದ್ದಿದೆ. ಪದವನ್ನು ಎಲ್ಲಿ ಮುರಿಯಬಹುದೋ ಅಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಜೊತೆ ಮೈನಸ್ ಒತ್ತಿ. ಸಾಲಿನ ಕೊನೆಗೆ ಬಂದಾಗ ಮಾತ್ರ ಪದ ‘ಕಾರ್ಯಕರ್ತ-’ ಎಂದು ಮುರಿದು, ಉಳಿದದ್ದು ಕೆಳಗಿಳಿಯುತ್ತದೆ. ಮುಂದೆ ಬರಹ ತಿದ್ದಿ ಆ ಪದ ಸಾಲಿನ ನಡುವೆ ಬಂದರೆ ಗೆರೆ ತಾನಾಗಿ ಮಾಯ. ಆದರೂ ಕಿರಿದಾದ ಕಾಲಂಗೆ ನನ್ನ ಆಯ್ಕೆ ಎಡ ಜೋಡಣೆಯೇ. ಬಲ ಅಂಚು ಏರುಪೇರಾದರೂ ಓದು ಎಡವುವುದಿಲ್ಲ. ಹಿರಿಯ ಸದಸ್ಯರು ಆರಾಮಾಗಿ ಓದುವಂತಿರಬೇಕು, ಅಲ್ವಾ?

ಜಸ್ಟಿಫೈ ಪ್ಯಾರಾದಲ್ಲಿ, ಹೊಸ ಪ್ಯಾರಾ ಮಾಡದೆ ಸಾಲು ಮುರಿಯಲು ಶಿಫ್ಟ್ ಎಂಟರ್ ಹೊಡೆದ ಸಾಲು ಅಡ್ಡಡ್ಡ ಎಳೆದುಕೊಂಡರೆ ಗಾಬರಿ ಬೇಡ. ಆಪ್ಷನ್ಸ್‌ನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಅದನ್ನು ನಿಲ್ಲಿಸಬಹುದು.

ನನಗೆ ಜಾಸ್ತಿ ಇಷ್ಟವಾದದ್ದು ಟ್ಯಾಬ್. ದಾನಿಗಳ ಪಟ್ಟಿಯಲ್ಲಿ ಹೆಸರು ಎಡಕ್ಕೆ, ಮೊತ್ತ ಬಲಕ್ಕೆ ಬರಬೇಕು. ಸುಮ್ನೆ ಸ್ಪೇಸ್ ಒತ್ತುತ್ತಾ ಹೋದರೆ ಯಾವ ಮೊತ್ತವೂ ಒಂದರ ಕೆಳಗೊಂದು ನಿಲ್ಲುವುದಿಲ್ಲ. ಪ್ಯಾರಾಗ್ರಾಫ್ ಕಿಟಕಿಯ ಟ್ಯಾಬ್ಸ್ ಪುಟದಲ್ಲಿ ಜಾಗದ ಅಳತೆ ಕೊಟ್ಟು, ರೈಟ್ ಆರಿಸಿ, ನಡುವೆ ತುಂಬಲು ಚುಕ್ಕೆ ಹಾಕಿ. ಆಮೇಲೆ ಹೆಸರು, ಮೊತ್ತದ ನಡುವೆ ಒಮ್ಮೆ ಟ್ಯಾಬ್ ಕೀ ಒತ್ತಿ. ನೂರು ರೂಪಾಯಿಯ ಕೆಳಗೆ ಹತ್ತು ಸಾವಿರ ಬಂದರೂ ಕೊನೆಯ ಅಂಕಿಗಳು ನೇರವಾಗಿ ನಿಲ್ಲುತ್ತವೆ. ಇದನ್ನು ಸ್ಟೈಲ್ ಆಗಿ, ಅಂದರೆ ಹೆಸರಿಟ್ಟ ಜೋಡಣೆಯಾಗಿ, ಉಳಿಸಿಟ್ಟರೆ ಮುಂದಿನ ವರ್ಷವೂ ಬಳಸಬಹುದು. ಎಫ್ 11 ಒತ್ತಿದರೆ ಸ್ಟೈಲ್‌ಗಳೆಲ್ಲ ಪಕ್ಕದಲ್ಲೇ ತೆರೆದುಕೊಳ್ಳುತ್ತವೆ.

ಪ್ರೆಸ್‌ಗೆ ಮಾತ್ರ ಪಿಡಿಎಫ್ ಮಾಡಿಯೇ ಕಳಿಸಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೆ ಸಾಲುಗಳು ಬೇರೆ ಕಡೆ ಮುರಿದು, ಮಾಡಿದ ಜೋಡಣೆಯೆಲ್ಲ ಹಾಳಾಗುತ್ತದೆ.