ದೂರಕ್ಕೆ ಪೂರ್ಣ ಅಂಕ, ಸಮಯಕ್ಕೆ ಅರ್ಧ

ಬೇರೆಯವರ ಪ್ರಯಾಣ ಹೊಂದಿಸಿಕೊಡುವುದು ನನ್ನ ಉದ್ಯೋಗ. ಎರಡು ವಿಮಾನ ನಿಲ್ದಾಣಗಳ ಹೆಸರು ಕೊಟ್ಟರೆ ನಡುವಿನ ದೂರವನ್ನೂ ಹಾರಾಟದ ಸಮಯವನ್ನೂ ಹೇಳುವ ಆ್ಯಪ್ ಒಂದನ್ನು ದಿನವೂ ಬಳಸುತ್ತೇನೆ. ವಯಸ್ಸಾದವರೊಬ್ಬರು ಒಂದು ವಿಮಾನದಿಂದ ಇಳಿದು ಇನ್ನೊಂದನ್ನು ಹಿಡಿಯಬೇಕಾದಾಗ, ಎಷ್ಟು ಬಿಡುವು ಇಡಬೇಕೆಂಬುದು ಈ ಅಂಕಿಗಳಿಂದಲೇ ಶುರುವಾಗುತ್ತದೆ.

ದೂರದ ವಿಷಯದಲ್ಲಿ ಆ್ಯಪನ್ನು ಕಣ್ಣುಮುಚ್ಚಿ ನಂಬಬಹುದು. ಅದು ಕೊಡುವುದು ಮಹಾವೃತ್ತದ ದೂರ, ಅಂದರೆ ಭೂಮಿಯ ದುಂಡು ಮೈಮೇಲೆ ಅತಿ ಹತ್ತಿರದ ದಾರಿ. ಭೂಮಿ ಪೂರ್ಣ ಗೋಳವಲ್ಲ, ನಿಜ. ಸಮಭಾಜಕದಲ್ಲಿ ತ್ರಿಜ್ಯ ಸುಮಾರು 6,378 ಕಿ.ಮೀ., ಧ್ರುವದಲ್ಲಿ 6,357. ಆದರೆ ಸರಾಸರಿ 6,371 ಹಿಡಿದು ಲೆಕ್ಕ ಹಾಕಿದರೂ 400 ಕಿ.ಮೀ. ದಾರಿಗೆ ಹೆಚ್ಚೆಂದರೆ ಒಂದೆರಡು ಕಿಲೋಮೀಟರ್ ವ್ಯತ್ಯಾಸ ಬಂದೀತು. ಅದೇ ದೂರವನ್ನು ವಿಮಾನ, ಹಡಗುಗಳವರು ಬಳಸುವ ಅಳತೆಯಲ್ಲಿ 216 ನಾಟಿಕಲ್ ಮೈಲಿ ಎಂದೂ ತೋರಿಸುತ್ತದೆ. ನಿಲ್ದಾಣಗಳನ್ನು ಗುರುತಿಸುವ ಮೂರಕ್ಷರದ ಸಂಕೇತ, ನಾಲ್ಕಕ್ಷರದ ಸಂಕೇತ ಎರಡನ್ನೂ ಒಪ್ಪುತ್ತದೆ. ಒಂದೇ ಹೆಸರಿನ ಊರುಗಳು ಬೇರೆ ಬೇರೆ ದೇಶಗಳಲ್ಲಿರುವಾಗ ಇದು ದೊಡ್ಡ ಉಪಕಾರ.

ತಕರಾರು ಇರುವುದು ಸಮಯದ ಬಗ್ಗೆ. ಎಲ್ಲ ದಾರಿಗೂ ಗಂಟೆಗೆ 800 ಕಿ.ಮೀ. ವೇಗ ಹಿಡಿದು, ಏರಲು ಇಳಿಯಲು ಅರ್ಧ ಗಂಟೆ ಸೇರಿಸಿಬಿಡುತ್ತದೆ. ದೊಡ್ಡ ಜೆಟ್ ವಿಮಾನದ ದೂರದ ಪಯಣಕ್ಕೆ ಈ ಲೆಕ್ಕ ಸರಿಹೋದೀತು. ಸಣ್ಣ ನಿಲ್ದಾಣಗಳ ನಡುವೆ ಹಾರುವುದು ಹೆಚ್ಚಾಗಿ ಎಟಿಆರ್ 72ರಂಥ ಪ್ರೊಪೆಲರ್ ವಿಮಾನ. ಅದರ ವೇಗ ಗಂಟೆಗೆ 500 ಕಿ.ಮೀ. ಆಸುಪಾಸು. 400 ಕಿ.ಮೀ. ದಾರಿಗೆ ಆ್ಯಪ್ ಒಂದು ಗಂಟೆ ಎನ್ನುತ್ತದೆ. ಅದೇ ಅರ್ಧ ಗಂಟೆ ಸೇರಿಸಿ ಪ್ರೊಪೆಲರ್ ವಿಮಾನಕ್ಕೆ ಲೆಕ್ಕ ಹಾಕಿದರೆ ಒಂದು ಗಂಟೆ ಹದಿನೆಂಟು ನಿಮಿಷ. ಮುಂದಿನ ವಿಮಾನದ ಬಾಗಿಲು ಮುಚ್ಚಲು ಆ ಹದಿನೆಂಟು ನಿಮಿಷ ಸಾಕು.

ಎದುರು ಗಾಳಿಯನ್ನಂತೂ ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹೋಗುವುದಕ್ಕೂ ಬರುವುದಕ್ಕೂ ಒಂದೇ ಸಮಯ. ಗಂಟೆಗೆ 50 ಕಿ.ಮೀ. ಗಾಳಿ ಎದುರಾದರೆ ಇದೇ ದಾರಿಯಲ್ಲಿ ಜೆಟ್‌ಗೆ ಎರಡು ನಿಮಿಷ ಹೆಚ್ಚಾಗುತ್ತದೆ, ನಿಧಾನದ ವಿಮಾನಕ್ಕೆ ಐದು. ವೇಗ ಕಡಿಮೆಯಾದಷ್ಟೂ ಗಾಳಿಯ ಹೊಡೆತ ಜಾಸ್ತಿ.

ಲೆಕ್ಕ ಎಷ್ಟು ದಾರಿತಪ್ಪುತ್ತದೆ ಎಂಬುದನ್ನು ನೋಡಬೇಕಾದರೆ ಸ್ಕಾಟ್ಲೆಂಡಿನ ಓರ್ಕ್ನಿ ದ್ವೀಪಗಳಿಗೆ ಹೋಗಬೇಕು. ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಸುಮಾರು 2.7 ಕಿ.ಮೀ.; ಇದು ಜಗತ್ತಿನ ಅತಿ ಚಿಕ್ಕ ನಿಯತ ವಿಮಾನ ಮಾರ್ಗ. ವೇಳಾಪಟ್ಟಿಯಲ್ಲಿ ಅದಕ್ಕೆ ಎರಡೇ ನಿಮಿಷ. ಆ್ಯಪ್ ದೂರವನ್ನು ಸರಿಯಾಗಿ ಹೇಳಿ, ಸಮಯ ಅರ್ಧ ಗಂಟೆ ಎಂದು ಬರೆಯುತ್ತದೆ!

ವಿಮಾನ ಸಂಸ್ಥೆಗಳ ವೇಳಾಪಟ್ಟಿಯ ಸಮಯವೇ ಬೇರೆ. ನಿಂತ ಜಾಗದಿಂದ ವಿಮಾನ ಕದಲಿದಾಗಿನಿಂದ ಇನ್ನೊಂದು ಕಡೆ ನಿಲ್ಲುವವರೆಗಿನ ಹೊತ್ತು ಅದರಲ್ಲಿ ಸೇರಿರುತ್ತದೆ. ಪ್ರಯಾಣಿಕರಿಗೆ ನಾನು ಬರೆದುಕೊಡುವುದು ಆ ಸಮಯವನ್ನೇ. ನೇರ ವಿಮಾನ ಇಲ್ಲದ ಎರಡು ನಿಲ್ದಾಣಗಳ ನಡುವೆ ಅಂದಾಜು ಬೇಕಾದಾಗ ಮಾತ್ರ ಆ್ಯಪಿನ ದೂರವನ್ನು ತೆಗೆದುಕೊಂಡು, 500ರಿಂದ ಭಾಗಿಸಿ, ಅರ್ಧ ಗಂಟೆ ಕೂಡಿಸುತ್ತೇನೆ.

ವಿಮಾನದ ಬಗೆಯನ್ನು ಆರಿಸಲು ಒಂದು ಅವಕಾಶ ಕೊಡಿ ಎಂದು ತಯಾರಕರಿಗೆ ಬರೆದಿದ್ದೇನೆ. ಜೆಟ್, ಪ್ರೊಪೆಲರ್ ಎಂಬ ಎರಡೇ ಗುಂಡಿ ಇಟ್ಟರೂ ಐದಕ್ಕೆ ಐದು ಕೊಡುತ್ತೇನೆ. ಈಗ ಮೂರು.