ಸೋಲಾರ್ ಬಿಸಿನೀರಿನ ಲೈನಿಗೆ ಯುಪಿವಿಸಿ ಪೈಪಾ, ಸಿಪಿವಿಸಿ ಪೈಪಾ?

ಚಿಕ್ಕಮಗಳೂರಿನ ಚಳಿಗೆ ಪೈಪಿನಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಇಲ್ಲಿ ಪೈಪು ಒಡೆಯುವುದು ಬಿಸಿನೀರಿಗೆ, ಬಿಸಿಲಿಗೆ.

ಎರಡೂ ಪ್ಲಾಸ್ಟಿಕ್ ಪೈಪುಗಳೇ. ತಣ್ಣೀರಿಗೆ ಬಿಳಿ ಯುಪಿವಿಸಿ ಸಾಕು, ದುಡ್ಡೂ ಕಡಿಮೆ. ಹಾಗಂತ ಸೋಲಾರ್ ಲೈನಿಗೂ ಸುಮ್ನೆ ಅದನ್ನೇ ಎಳೆಸಬೇಡಿ. ನೀರು 60 ಡಿಗ್ರಿ ಮುಟ್ಟಿದರೆ ಅದು ಮೆತ್ತಗಾಗುತ್ತದೆ. ನಮ್ಮ ಮನೆಯಲ್ಲಿ ಹಾಗೇ ಆಯ್ತು. ಎರಡು ಕ್ಲಾಂಪಿನ ನಡುವೆ ಪೈಪು ಬಟ್ಟೆ ಒಣಹಾಕುವ ಹಗ್ಗದಂತೆ ಜೋತುಬಿತ್ತು. ಒಂದು ಬೆಳಗ್ಗೆ ಪೈಪಿನ ತಿರುವಿಗೆ ಹಾಕಿದ್ದ ಎಲ್ಬೋ ಕಿತ್ತುಬಂದು ಟ್ಯಾಂಕೇ ಖಾಲಿ.

ಕೆನೆಬಣ್ಣದ ಸಿಪಿವಿಸಿ 90 ಡಿಗ್ರಿವರೆಗೂ ತಡೆಯುತ್ತದೆ. ಬೆಲೆ ಜಾಸ್ತಿಯೇ, ಆದರೂ ಬಿಸಿನೀರಿಗೆ ಅದನ್ನೇ ಹಾಕಿಸಿ. ಪೈಪು ಜೋಡಿಸುವ ಅಂಟು ಮಾತ್ರ ಸಿಪಿವಿಸಿಯದ್ದೇ ಕೇಳಿ ತನ್ನಿ, ಯುಪಿವಿಸಿಯದ್ದು ನಡೆಯಲ್ಲ.

ತಾರಸಿ ಬಿಸಿಲಿಗೆ ಎರಡೂ ಪೆಡಸಾಗುತ್ತವೆ. ನೀರು ಬೆರೆಸುವ ಬಿಳಿ ಪೇಂಟ್ ಹೊಡೆಸಿ. ಆಯಿಲ್ ಪೇಂಟ್ ಬೇಡ.