ಮಧುರೈಯ ಅರವಿಂದ ಕಣ್ಣಾಸ್ಪತ್ರೆ: ದುಡಿಯುವವರ ಕಡೆಯಿಂದ ಒಂದು ವಿಮರ್ಶೆ

ಆಸ್ಪತ್ರೆಗಳ ವಿಮರ್ಶೆಯನ್ನು ಸಾಮಾನ್ಯವಾಗಿ ಅಲ್ಲಿ ಚಿಕಿತ್ಸೆ ಪಡೆದವರು ಬರೆಯುತ್ತಾರೆ. ಮಧುರೈಯ ಅರವಿಂದ ಕಣ್ಣಾಸ್ಪತ್ರೆಯ ಬಗ್ಗೆ ಅಂಥ ಬರಹಗಳು ಬೇಕಾದಷ್ಟಿವೆ. ಅಲ್ಲಿ ಕೆಲಸಕ್ಕೆ ಸೇರಬೇಕೆಂದಿರುವ ಯುವ ನೇತ್ರವೈದ್ಯರಿಗೂ ಆಸ್ಪತ್ರೆ ಆಡಳಿತದಲ್ಲಿ ಆಸಕ್ತಿಯಿರುವವರಿಗೂ ಉಪಯೋಗವಾಗಲೆಂದು ನಾನು ಅದನ್ನು ಉದ್ಯೋಗದ ಸ್ಥಳವೆಂದು ನೋಡಿ ಬರೆಯುತ್ತಿದ್ದೇನೆ. ಅರವಿಂದದ ತರಬೇತಿ ಸಂಸ್ಥೆಯಾದ ಲೈಕೋದಲ್ಲಿ ಆಡಳಿತದ ತರಬೇತಿ ಪಡೆಯುವಾಗ ಕಂಡದ್ದು ಮತ್ತು ಅಲ್ಲಿ ದುಡಿದವರಿಂದ ಕೇಳಿದ್ದು ಈ ಬರಹಕ್ಕೆ ಆಧಾರ.

ಡಾ. ಜಿ. ವೆಂಕಟಸ್ವಾಮಿಯವರು ಸರ್ಕಾರಿ ಸೇವೆಯಿಂದ ನಿವೃತ್ತರಾದ ಮೇಲೆ, 1976ರಲ್ಲಿ, ಹನ್ನೊಂದು ಹಾಸಿಗೆಗಳೊಂದಿಗೆ ಈ ಆಸ್ಪತ್ರೆಯನ್ನು ಆರಂಭಿಸಿದರು. ಸಂಧಿವಾತದಿಂದ ಬೆರಳುಗಳು ಸೊಟ್ಟಗಾಗಿದ್ದರೂ ತಾವೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಅವರು 2006ರಲ್ಲಿ ತೀರಿಕೊಂಡರು. ತೇಣಿ, ತಿರುನೆಲ್ವೇಲಿ, ಕೊಯಮತ್ತೂರು, ಪುದುಚೇರಿ, ಚೆನ್ನೈ, ತಿರುಪತಿ ಮೊದಲಾದ ಕಡೆ ಇಂದು ಸಂಸ್ಥೆಯ ಆಸ್ಪತ್ರೆಗಳಿವೆ. ಅರ್ಧಕ್ಕಿಂತ ಹೆಚ್ಚು ಶಸ್ತ್ರಚಿಕಿತ್ಸೆಗಳು ಉಚಿತವಾಗಿ ಅಥವಾ ಬಹಳ ಕಡಿಮೆ ದರದಲ್ಲಿ ನಡೆಯುತ್ತವೆ. ಹಣ ಕೊಡಬಲ್ಲವರಿಂದ ಬರುವ ಆದಾಯವೇ ಸಂಸ್ಥೆಯ ಮುಖ್ಯ ಆಧಾರವಾಗಿರುವುದರಿಂದ, ಉದ್ಯೋಗಿಯ ಸಂಬಳವು ದಾನಿಗಳ ಮರ್ಜಿಗೆ ಸಿಕ್ಕಿಕೊಂಡಿಲ್ಲ. ಇದನ್ನು ನಾನು ಚಿಕ್ಕ ಸಂಗತಿಯೆಂದು ಎಣಿಸುವುದಿಲ್ಲ. ಹಿಂದೆ ನಾನು ಕೆಲಸ ಮಾಡಿದ ಒಂದು ದತ್ತಿ ಆಸ್ಪತ್ರೆಯಲ್ಲಿ ದೇಣಿಗೆ ಬರುವುದು ತಡವಾದಾಗಲೆಲ್ಲ ಸಂಬಳವೂ ತಡವಾಗುತ್ತಿತ್ತು. ಕೇಳಿದವರಿಗೆ ಸೇವಾಭಾವದ ಉಪದೇಶ ಸಿಗುತ್ತಿತ್ತು.

ಅರವಿಂದದ ಕೆಲಸದ ಸ್ವರೂಪ ತಿಳಿಯಬೇಕಾದರೆ ಅದರ ಶಸ್ತ್ರಚಿಕಿತ್ಸಾ ಕೊಠಡಿಯನ್ನು ನೋಡಬೇಕು. ಒಬ್ಬ ವೈದ್ಯರಿಗೆ ಅಕ್ಕಪಕ್ಕದಲ್ಲಿ ಎರಡು ಮೇಜುಗಳಿರುತ್ತವೆ. ಒಂದರ ಮೇಲೆ ಪೊರೆ ತೆಗೆಯುವ ಕೆಲಸ ನಡೆಯುತ್ತಿರುವಾಗಲೇ ಇನ್ನೊಂದರ ಮೇಲೆ ಮುಂದಿನ ರೋಗಿಯನ್ನು ಸಿಸ್ಟರ್‌ಗಳು (ಸಂಸ್ಥೆಯೇ ತರಬೇತಿ ಕೊಟ್ಟ ಸಹಾಯಕಿಯರು) ಸಿದ್ಧಪಡಿಸಿರುತ್ತಾರೆ. ಮೊದಲನೆಯದು ಮುಗಿದ ಕೂಡಲೇ ವೈದ್ಯರು ಸೂಕ್ಷ್ಮದರ್ಶಕವನ್ನು ಈಚೆಗೆ ತಿರುಗಿಸಿಕೊಂಡು ಕೆಲಸ ಮುಂದುವರಿಸುತ್ತಾರೆ. ಹೀಗೆ ಇಲ್ಲಿನ ಒಬ್ಬ ವೈದ್ಯರು ವರ್ಷಕ್ಕೆ ಸುಮಾರು 2,000 ಶಸ್ತ್ರಚಿಕಿತ್ಸೆಗಳನ್ನು ಮಾಡುತ್ತಾರೆ. ದೇಶದ ಸರಾಸರಿ ಇದರ ಒಂದು ಸಣ್ಣ ಪಾಲು ಮಾತ್ರ. ಈ ವೇಗದಿಂದ ರೋಗಿಗೆ ತೊಂದರೆಯಾಗುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಇಲ್ಲಿನ ಆರು ಲಕ್ಷಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಕೊನೆಯಲ್ಲಿ ಕಣ್ಣಿನೊಳಗೆ ಆಂಟಿಬಯಾಟಿಕ್ ಔಷಧಿ ಹಾಕುವ ಪದ್ಧತಿ ಬಂದ ಮೇಲೆ ಕಣ್ಣಿನೊಳಗಿನ ಸೋಂಕು ಶೇಕಡಾ 0.07ರಿಂದ 0.02ಕ್ಕೆ ಇಳಿದಿದೆ. ಕೈ ಪಳಗಬೇಕೆಂದು ಬಯಸುವ ಯುವ ವೈದ್ಯರಿಗೆ ಇಷ್ಟು ಅನುಭವ ಇಷ್ಟು ಬೇಗ ಸಿಗುವ ಜಾಗ ಭಾರತದಲ್ಲಿ ಬಹಳ ಕಡಿಮೆ.

ಇದಕ್ಕೆ ಪ್ರತಿಯಾಗಿ ಕೊಡಬೇಕಾದದ್ದೂ ಇದೆ. ಬೆಳಗ್ಗೆ ಬೇಗ ಆರಂಭವಾಗುವ ದಿನ ದೀರ್ಘವಾದದ್ದು. ವೈದ್ಯರಿಗೆ ನಿಗದಿತ ಸಂಬಳವುಂಟು. ಖಾಸಗಿ ಪ್ರಾಕ್ಟೀಸ್‌ಗೆ ಅವಕಾಶವಿಲ್ಲ, ಶಸ್ತ್ರಚಿಕಿತ್ಸೆಗೆ ಇಷ್ಟೆಂಬ ಪಾಲೂ ಇಲ್ಲ. ಕಾರ್ಪೊರೇಟ್ ಆಸ್ಪತ್ರೆಗಳ ಸಂಪಾದನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ನಿರಾಶೆಯಾಗುತ್ತದೆ. ಆದರೆ ಸಂಬಳ ನಿಗದಿತವಾಗಿದ್ದು, ಹಣ ಕೊಡುವವರ ವಿಭಾಗಕ್ಕೂ ಉಚಿತ ವಿಭಾಗಕ್ಕೂ ಅದೇ ವೈದ್ಯರು ಸರದಿಯ ಮೇಲೆ ಹೋಗುವುದರಿಂದ, ಯಾರನ್ನೂ ಅನಗತ್ಯ ಚಿಕಿತ್ಸೆಗೆ ತಳ್ಳುವ ಒತ್ತಡ ವೈದ್ಯರ ಮೇಲಿರುವುದಿಲ್ಲ. ವೃತ್ತಿಜೀವನದಲ್ಲಿ ಈ ನೆಮ್ಮದಿಯ ಬೆಲೆ ದೊಡ್ಡದು ಎಂದು ನಾನು ನಂಬಿದ್ದೇನೆ.

ಆದರೆ ಆಸ್ಪತ್ರೆಯ ಹೆಚ್ಚಿನ ಹೊರೆಯನ್ನು ಹೊತ್ತವರು ವೈದ್ಯರಲ್ಲ, ಸಿಸ್ಟರ್‌ಗಳು. ಸುತ್ತಲಿನ ಹಳ್ಳಿಗಳಿಂದ, ಶಾಲಾ ಶಿಕ್ಷಣ ಮುಗಿಸಿದ ಹದಿನೆಂಟರ ಆಸುಪಾಸಿನ ಹುಡುಗಿಯರನ್ನು ಆರಿಸಿ, ಎರಡು ವರ್ಷ ತರಬೇತಿ ಕೊಟ್ಟು, ದೃಷ್ಟಿ ಪರೀಕ್ಷೆ, ರೋಗಿಗಳಿಗೆ ತಿಳಿವಳಿಕೆ ಹೇಳುವುದು, ವಾರ್ಡಿನ ಆರೈಕೆ, ಶಸ್ತ್ರಚಿಕಿತ್ಸೆಗೆ ನೆರವು, ಹೀಗೆ ಒಂದೊಂದು ಕೆಲಸದಲ್ಲಿ ಪರಿಣತರನ್ನಾಗಿ ಮಾಡುತ್ತಾರೆ. ಸಂಸ್ಥೆಯ ಸಿಬ್ಬಂದಿಯಲ್ಲಿ ಅತಿ ದೊಡ್ಡ ಗುಂಪು ಇವರದೇ. ಹಳ್ಳಿಗಳ ದೃಷ್ಟಿ ಕೇಂದ್ರಗಳಲ್ಲಂತೂ ಇವರೇ ಕಣ್ಣನ್ನು ಪರೀಕ್ಷಿಸಿ, ಚಿತ್ರ ತೆಗೆದು, ದೂರದ ಆಸ್ಪತ್ರೆಯಲ್ಲಿರುವ ವೈದ್ಯರಿಗೆ ವಿಡಿಯೊ ಮೂಲಕ ವಿವರಿಸುತ್ತಾರೆ. ಮನೆಯಿಂದ ಹೊರಗೆ ಒಂದು ಸಂಬಳವನ್ನೂ ಕಾಣದ ಕುಟುಂಬದ ಹುಡುಗಿಯೊಬ್ಬಳು ಕೆಲವೇ ವರ್ಷಗಳಲ್ಲಿ ಇಂಥ ಜವಾಬ್ದಾರಿಯನ್ನು ಆತ್ಮವಿಶ್ವಾಸದಿಂದ ನಿರ್ವಹಿಸುವುದು ಈ ಸಂಸ್ಥೆಯ ಅತ್ಯಂತ ದೊಡ್ಡ ಸಾಧನೆಯೆಂದು ನನ್ನ ಅಭಿಪ್ರಾಯ.

ನನ್ನ ಮುಖ್ಯ ಆಕ್ಷೇಪವೂ ಇಲ್ಲೇ ಇದೆ. ಈ ತರಬೇತಿ ನರ್ಸಿಂಗ್ ಪದವಿಯಲ್ಲ. ಆದ್ದರಿಂದ ಒಂದೇ ಬಗೆಯ ಕೆಲಸದಲ್ಲಿ ಪಡೆದ ಪರಿಣತಿ ಆ ಕೆಲಸವಿರುವ ಕಣ್ಣಾಸ್ಪತ್ರೆಯಲ್ಲಿ ಬೆಲೆಬಾಳುವಷ್ಟು ಸಾಮಾನ್ಯ ಆಸ್ಪತ್ರೆಯಲ್ಲಿ ಬೆಲೆಬಾಳುವುದಿಲ್ಲ. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾಗಿ ಕೆಲಸ ಬಿಡುವವರು ಅನೇಕರು. ವೈದ್ಯರಿಗೆ ಎಣಿಕೆಗೆ ಸಿಗದಷ್ಟು ವೇಳೆಯನ್ನು ಉಳಿಸಿಕೊಡುವವರು ಇವರಾಗಿರುವಾಗ, ಇವರ ವಿದ್ಯೆ ಎಲ್ಲ ಕಡೆ ಮಾನ್ಯವಾಗುವಂತೆ ನೋಡಿಕೊಳ್ಳುವುದು ಇಷ್ಟು ದೊಡ್ಡ ಸಂಸ್ಥೆಯ ಕರ್ತವ್ಯ.

ಶಿಬಿರಗಳ ಕೆಲಸದ ಬಗ್ಗೆ ಒಂದು ಮಾತು. ನಮ್ಮಲ್ಲಿ ಡಾ. ಎಂ. ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರದಲ್ಲಿಯೇ ಶಸ್ತ್ರಚಿಕಿತ್ಸೆ ಮಾಡುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಅರವಿಂದದ ಕ್ರಮ ಬೇರೆ: ಶಿಬಿರದಲ್ಲಿ ತಪಾಸಣೆ ಮಾತ್ರ ನಡೆಯುತ್ತದೆ, ಶಸ್ತ್ರಚಿಕಿತ್ಸೆ ಬೇಕಾದವರನ್ನು ಬಸ್ಸಿನಲ್ಲಿ ಆಸ್ಪತ್ರೆಗೆ ಕರೆತರುತ್ತಾರೆ. ಸಿಬ್ಬಂದಿಗೆ ರಜೆಯ ದಿನವೂ ಪ್ರಯಾಣ ತಪ್ಪದಿರಬಹುದು, ಆದರೆ ಕತ್ತರಿಸುವ ಕೆಲಸವೆಲ್ಲ ಸುಸಜ್ಜಿತ ಕೊಠಡಿಯಲ್ಲಿಯೇ ಆಗುತ್ತದೆ.

ಕನ್ನಡಿಗರು ಸೇರುವುದಾದರೆ ತಮಿಳನ್ನು ಮೊದಲೇ ಕಲಿತುಕೊಂಡಿರಬೇಕು, ಏಕೆಂದರೆ ಹೆಚ್ಚಿನ ರೋಗಿಗಳೊಂದಿಗೆ ಮಾತು ನಡೆಯುವುದು ಅದರಲ್ಲಿಯೇ. ತರಬೇತಿಯ ಕೆಲವು ವರ್ಷಗಳನ್ನು ಕಳೆಯಲು ಬಯಸುವ ನೇತ್ರವೈದ್ಯರಿಗೆ ನಾನು ಈ ಸಂಸ್ಥೆಯನ್ನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ. ಜೀವಮಾನವಿಡೀ ಅಲ್ಲಿಯೇ ಇರಬೇಕೆಂದಿರುವವರು ಸಂಬಳದ ಲೆಕ್ಕವನ್ನು ಮನೆಯವರೊಂದಿಗೆ ಕೂತು ಚರ್ಚಿಸಿ ಸೇರುವುದು ಒಳಿತು.